ಬೂಟು ತಿಂದವನನ್ನು ಕಂಡು ಅಜ್ಜಿ ನಕ್ಕಿದ್ದೇಕೆ?

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ರಾತ್ರಿ ಮನೆಯೊಳಗೆ ಮಲಗುವುದು ಕಷ್ಟ. ಹಗಲೆಲ್ಲ ಕಾದ ಶಹಾಬಾದ್ ಕಲ್ಲಿಗೆ ನೀರು ಚಿಮುಕಿಸಿ ಮಾಳಿಗೆ ಏರುತ್ತೇವೆ. ಕಳೆದ ಬೇಸಿಗೆಯಲ್ಲಿ ಅಲ್ಲಿ ಧೋತರವೊಂದನ್ನು ಪರದೆಯಾಗಿ ಕಟ್ಟಿ, ಚಾರ್ಲಿ ಚಾಪ್ಲಿನ್‌ನ 1925ರ ಮೂಕಿಚಿತ್ರ ‘ದಿ ಗೋಲ್ಡ್ ರಶ್’ ಹಾಕಿದೆವು. ಹಿಮದಲ್ಲಿ ಸಿಕ್ಕಿಬಿದ್ದ ಚಾಪ್ಲಿನ್ ಹಸಿವು ತಾಳದೆ ತನ್ನ ಬೂಟನ್ನೇ ಬೇಯಿಸುತ್ತಾನೆ. ಲೇಸನ್ನು ಶಾವಿಗೆಯಂತೆ ಸುತ್ತಿಕೊಂಡು ತಿನ್ನುತ್ತಾನೆ, ಅಟ್ಟೆಯ ಮೊಳೆಗಳನ್ನು ಕೋಳಿಯ ಎಲುಬಿನಂತೆ ಚೀಪುತ್ತಾನೆ. ಓಣಿಯ ಮಕ್ಕಳಿಗಿಂತ ಜೋರಾಗಿ ನಕ್ಕವಳು ನನ್ನ ಅಜ್ಜಿ. 1972ರ ಬರದಲ್ಲಿ ಮೂರು ಮಕ್ಕಳನ್ನು ಸಾಕಿದವಳು!

ಮಿದುಳು ಮುಂದೇನು ಬರುತ್ತದೆಂದು ಸದಾ ಊಹಿಸುತ್ತಿರುತ್ತದೆ. 1980ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್, ಬಿಸಿ ಬ್ರೆಡ್ಡಿಗೆ ಒಬ್ಬ ಕಾಲುಚೀಲ ಸವರಿದ ಎಂಬಂಥ ವಾಕ್ಯಗಳನ್ನು ಜನರಿಂದ ಓದಿಸಿದರು. ಬೆಣ್ಣೆ ಬರಬೇಕಾದ ಜಾಗಕ್ಕೆ ಕಾಲುಚೀಲ ಬಂದಾಗ, ಸುಮಾರು 400 ಮಿಲಿಸೆಕೆಂಡಿನ ಹೊತ್ತಿಗೆ ಮಿದುಳಿನಲ್ಲೊಂದು ವಿಶಿಷ್ಟ ವಿದ್ಯುತ್ ಅಲೆ ಏಳುತ್ತಿತ್ತು. ಅದು ಊಹೆ ತಪ್ಪಿದ್ದರ ಗುರುತು, ನಗೆಯ ಗುರುತಲ್ಲ. ರೊಟ್ಟಿಯ ಬುಟ್ಟಿಯಲ್ಲಿ ಚೇಳು ಕಂಡರೂ ಊಹೆ ತಪ್ಪುತ್ತದೆ, ಆದರೆ ಯಾರೂ ನಗುವುದಿಲ್ಲ. ತಪ್ಪಿದ್ದು ನಿರಪಾಯವೆಂದು ಮನಸ್ಸಿಗೆ ಖಾತ್ರಿಯಾಗಬೇಕು. ಹಾಸ್ಯದ ಸಂಶೋಧಕರಾದ ಪೀಟರ್ ಮೆಕ್‌ಗ್ರಾ ಮತ್ತು ಕ್ಯಾಲೆಬ್ ವಾರೆನ್ 2010ರಲ್ಲಿ ಮಂಡಿಸಿದ ವಾದ ಇದೇ. ಅಂದಹಾಗೆ ಆ ಬೂಟು ಜ್ಯೇಷ್ಠಮಧುವಿನ ಮಿಠಾಯಿಯಿಂದ ಮಾಡಿದ್ದು.

ಇಷ್ಟರಿಂದ ನನಗೆ ತೃಪ್ತಿಯಾಗಿಲ್ಲ. ಬೂಟು ತಿನ್ನುವುದಷ್ಟೇ ತಮಾಷೆಯಾಗಿದ್ದರೆ ಯಾವ ವಿದೂಷಕ ತಿಂದರೂ ಸಾಕಿತ್ತು. ಚಾಪ್ಲಿನ್ ತಿನ್ನುವಾಗ ಊಟದ ಮರ್ಯಾದೆಯನ್ನು ಒಂದಿಷ್ಟೂ ಬಿಡುವುದಿಲ್ಲ. ‘ಇವನು ಹಸಿವು ಕಂಡವನು, ಉಂಡವನಿಗೆ ಮೊಳೆ ಹೀಗೆ ಚೀಪಲು ಬರುವುದಿಲ್ಲ’ ಎಂದಳು ಅಜ್ಜಿ. ಲಂಡನ್ನಿನ ಬಡತನದಲ್ಲಿ ಬೆಳೆದ ಚಾಪ್ಲಿನ್ ಏಳನೆಯ ವಯಸ್ಸಿಗೇ ನಿರ್ಗತಿಕರ ಆಶ್ರಯಗೃಹ ಸೇರಿದ್ದನೆಂಬುದು ಅವಳಿಗೆ ತಿಳಿದಿರಲಿಲ್ಲ. ಊಹೆ ತಪ್ಪಬೇಕಾದರೆ ಮೊದಲು ಊಹೆ ಗಟ್ಟಿಯಾಗಿರಬೇಕು. ಹಸಿವು, ಸಾಲ, ಮದುವೆ ಮನೆಯ ಮುನಿಸು ನಮಗೆ ಒಳಗಿನಿಂದ ಗೊತ್ತು. ಅವನ್ನು ಸರಿಯಾಗಿ ಕಂಡ ನಿರ್ದೇಶಕನಿಗೆ ಮಾತ್ರ ಎಲ್ಲಿ ತಿರುವಬೇಕೆಂಬುದು ಕೈಗೆ ಸಿಗುತ್ತದೆ. ಬರಿಯ ಕಿರುಚಾಟದ, ಕೆನ್ನೆಗೆ ಬಾರಿಸುವ ಹಾಸ್ಯ ಬೇಗ ಹಳಸುವುದು ಇದೇ ಕಾರಣಕ್ಕೆ ಎಂದು ನಾನು ನಂಬಿದ್ದೇನೆ.

ಇದೇ ದೃಶ್ಯವನ್ನು ನಾನೊಬ್ಬನೇ ಮೊಬೈಲಿನಲ್ಲಿ ನೋಡಿದಾಗ ತುಟಿಯಷ್ಟೇ ಅರಳಿತ್ತು. ಜೊತೆಯಲ್ಲಿ ಜನರಿದ್ದಾಗ ನಾವು ಒಂಟಿಯಾಗಿದ್ದಾಗಿನದಕ್ಕಿಂತ ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆಂದು ನಗೆಯನ್ನು ಅಧ್ಯಯನ ಮಾಡಿದ ವಿಜ್ಞಾನಿ ರಾಬರ್ಟ್ ಪ್ರೊವೈನ್ ಕಂಡುಕೊಂಡಿದ್ದರು. ಒಟ್ಟಿಗೆ ನಕ್ಕ ಬಳಿಕ ನೋವು ತಾಳುವ ಶಕ್ತಿ ಹೆಚ್ಚುವುದನ್ನು ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ತಂಡ ಅಳೆದು ತೋರಿಸಿತು. ಮಿದುಳಿನಲ್ಲೇ ಸ್ರವಿಸುವ ನೋವುಶಾಮಕ ಎಂಡಾರ್ಫಿನ್‌ಗಳು ಇದಕ್ಕೆ ಕಾರಣವೆಂಬುದು ಅವರ ಊಹೆ. 2017ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಮಿದುಳಿನ ಸ್ಕ್ಯಾನ್ ಮಾಡಿ ಅದಕ್ಕೆ ಬಲ ಕೊಟ್ಟರು.

ಚಿತ್ರ ಮುಗಿದ ಮೇಲೆ ಅಜ್ಜಿ ಬೂಟಿನ ಭಾಗವನ್ನು ಮತ್ತೊಮ್ಮೆ ಹಾಕಿಸಿದಳು. ಈಗ ಎಲ್ಲವೂ ಮೊದಲೇ ಗೊತ್ತು, ಅಚ್ಚರಿ ಉಳಿದಿರಲಿಲ್ಲ. ಆದರೂ ಚಾಪ್ಲಿನ್ ಮೊಳೆಯನ್ನು ಬಾಯಿಗೆ ಒಯ್ಯುವ ಮೊದಲೇ ಅವಳ ಭುಜ ಕುಲುಕತೊಡಗಿತು.