ಗೇಣು ಯಾರದು? ಕಯಾಕ್ ಮೀನುಸ್ಪರ್ಧೆಯ ನಿಯಮ ಮತ್ತು ಅಂಕ: ಕೆಲವು ಟಿಪ್ಪಣಿಗಳು

ನಮ್ಮೂರ ಹೊಳೆಯಲ್ಲಿ ಗಾಳ ಹಾಕುತ್ತಿದ್ದ ಹಿರಿಯರು ಮೀನಿನ ಉದ್ದವನ್ನು ಗೇಣಿನಲ್ಲಿ ಹೇಳುತ್ತಿದ್ದರು. ಯಾರಾದರೂ ‘ಎರಡು ಗೇಣಿತ್ತು’ ಎಂದರೆ ಕೇಳುವವರ ಕಣ್ಣು ಮೊದಲು ಹೇಳಿದವರ ಅಂಗೈ ಮೇಲೆ ಬೀಳುತ್ತಿತ್ತು. ಸಣ್ಣ ಕೈಯವರ ಎರಡು ಗೇಣು ದೊಡ್ಡ ಕೈಯವರಿಗೆ ಒಂದೂವರೆ. ಸಾಲದ್ದಕ್ಕೆ, ಹೊಳೆಯಿಂದ ಜಗಲಿಗೆ ಬರುವಷ್ಟರಲ್ಲಿ ಆ ಎರಡು ಮೂರಾಗುತ್ತಿದ್ದುದೂ ಉಂಟು. ಈಗ ನಾನು ಅಮೆರಿಕದ ಒಂದು ಸಣ್ಣ ಕಯಾಕ್ (ಒಬ್ಬಿಬ್ಬರು ಕೂರುವ ಕಿರಿದಾದ ದೋಣಿ) ಮೀನುಗಾರಿಕೆ ಕ್ಲಬ್ಬಿನಲ್ಲಿ ಸ್ಪರ್ಧಿಗಳು ಕಳಿಸುವ ಫೋಟೋಗಳನ್ನು ಪರಿಶೀಲಿಸುವ ತಂಡದಲ್ಲಿದ್ದೇನೆ. ಅಲ್ಲಿಯ ದಪ್ಪ ನಿಯಮಪುಸ್ತಕವನ್ನು ಓದುತ್ತಾ ಹೋದಂತೆ ಅದರ ಮುಕ್ಕಾಲು ಪಾಲು ಒಂದೇ ಪ್ರಶ್ನೆಗೆ ಕೊಟ್ಟ ಉತ್ತರ ಎನಿಸಿತು: ಗೇಣು ಯಾರದು? ನನ್ನಂತೆಯೇ ಈ ಕೆಲಸ ಕಲಿಯುತ್ತಿರುವ ಗೆಳೆಯರಿಗಾಗಿ ನನ್ನ ಟಿಪ್ಪಣಿಗಳನ್ನು ಬಿಡಿಸಿ ಬರೆದಿದ್ದೇನೆ.

ತಕ್ಕಡಿ ಬಿಟ್ಟು ಹಲಗೆ ಹಿಡಿದದ್ದು

ಮೊದಲು ಸ್ವಲ್ಪ ಹಿನ್ನೆಲೆ. ಅಮೆರಿಕದಲ್ಲಿ ಬಾಸ್ ಎಂಬ ಸಿಹಿನೀರಿನ ಮೀನಿನ ಸ್ಪರ್ಧೆಗೆ ಇಂದಿನ ರೂಪ ಕೊಟ್ಟವರು ಅಲಬಾಮಾದ ವಿಮಾ ಮಾರಾಟಗಾರ ರೇ ಸ್ಕಾಟ್. 1967ರಲ್ಲಿ ಅರ್ಕಾನ್ಸಾದ ಬೀವರ್ ಲೇಕ್‌ನಲ್ಲಿ ಅವರು ಮೊದಲ ದೊಡ್ಡ ಸ್ಪರ್ಧೆ ನಡೆಸಿದರು. ಗೆಲುವನ್ನು ತಕ್ಕಡಿ ತೀರ್ಮಾನಿಸುತ್ತಿತ್ತು. 1972ರಲ್ಲಿ ಅವರೇ ‘ನಿಮ್ಮ ಮೀನನ್ನು ಕೊಲ್ಲಬೇಡಿ’ ಎಂಬ ಪದ್ಧತಿ ತಂದರು. ಹಿಡಿದ ಮೀನನ್ನು ದೋಣಿಯಲ್ಲಿ ಗಾಳಿಯಾಡುವ ನೀರಿನ ತೊಟ್ಟಿಯಲ್ಲಿ ಜೀವಂತ ಇಟ್ಟು, ಸಂಜೆ ದಡಕ್ಕೆ ತಂದು ತೂಗಿ, ಮತ್ತೆ ನೀರಿಗೆ ಬಿಡುವುದು ರೂಢಿಯಾಯಿತು.

ಕಯಾಕ್‌ನಲ್ಲಿ ಅಂಥ ತೊಟ್ಟಿಗೆ ಜಾಗವೆಲ್ಲಿ? ಕುಳಿತವರ ಕಾಲು ಚಾಚುವುದಕ್ಕೇ ಲೆಕ್ಕ ಹಾಕಬೇಕು. ಆದ್ದರಿಂದ ಇಲ್ಲಿ ಹುಟ್ಟಿಕೊಂಡದ್ದು ‘ಹಿಡಿ, ಫೋಟೋ ತೆಗೆ, ಬಿಡು’ ಪದ್ಧತಿ. ಇಂಗ್ಲಿಷಿನ ಮೊದಲಕ್ಷರಗಳಿಂದ ಅದನ್ನು ಸಿಪಿಆರ್ ಎನ್ನುತ್ತಾರೆ. ನನ್ನ ಹೆಂಡತಿ ನರ್ಸ್; ಅವಳಿಗೆ ಸಿಪಿಆರ್ ಎಂದರೆ ನಿಂತ ಹೃದಯಕ್ಕೆ ಕೊಡುವ ತುರ್ತು ಚಿಕಿತ್ಸೆ. ‘ಇವತ್ತು ಹದಿನೆಂಟು ಸಿಪಿಆರ್ ನೋಡಿದೆ’ ಎಂದು ನಾನು ಮೊದಲ ಸಲ ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಇಂಚಿನ ಗೆರೆಗಳಿರುವ ಅಳತೆ ಹಲಗೆಯ ಮೇಲೆ ಮೀನನ್ನು ಮಲಗಿಸಿ ಚಿತ್ರ ತೆಗೆದು, ಹಿಡಿದಲ್ಲೇ ಬಿಡಬೇಕು. ಅಂಕ ಉದ್ದದ ಮೇಲೆ.

ಜಾಗದ ಅಭಾವದಿಂದ ಹುಟ್ಟಿದ ಈ ಪದ್ಧತಿಗೆ ಇನ್ನೆರಡು ಲಾಭಗಳಿವೆ. ವಸಂತದಲ್ಲಿ ನೀರಿನ ಉಷ್ಣಾಂಶ 15–16 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಬಾಸ್ ಮೀನು ದಡದ ಬಳಿ ಗೂಡು ಮಾಡಿ ಮೊಟ್ಟೆ ಇಡುತ್ತದೆ; ಕಾವಲು ಗಂಡಿನದು. ಆ ಗಂಡನ್ನು ಮೈಲಿಗಟ್ಟಲೆ ದೂರದ ತಕ್ಕಡಿಗೆ ಒಯ್ದರೆ ಸಣ್ಣ ಮೀನುಗಳು ಬಂದು ಮೊಟ್ಟೆ ತಿಂದು ಹೋಗುತ್ತವೆ. ಅಲ್ಲೇ ಬಿಟ್ಟರೆ ಕಾವಲುಗಾರ ಬೇಗ ಗೂಡಿಗೆ ಮರಳುವ ಸಂಭವ ಹೆಚ್ಚು. ಇನ್ನೊಂದು ಕಾನೂನಿನ ಮಾತು. ಟೆಕ್ಸಾಸ್‌ನ ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಬಾಸ್ ಮೀನನ್ನು ಇಟ್ಟುಕೊಳ್ಳುವಂತಿಲ್ಲ. ತೊಟ್ಟಿಯಲ್ಲಿಟ್ಟು ಸಂಜೆ ತೂಗುವ ಸ್ಪರ್ಧೆಗೆ ಅಲ್ಲಿ ಒಳ್ಳೆಯ ಮೀನೇ ಕೈತಪ್ಪುತ್ತದೆ. ಫೋಟೋ ತೆಗೆದು ಬಿಡುವವರಿಗೆ ಆ ತೊಡಕಿಲ್ಲ.

ಉದ್ದವೋ, ತೂಕವೋ

ಈ ಭಾಗವನ್ನು ನಿಧಾನವಾಗಿ ಓದಿ, ಕಾಗದ ಪೆನ್ಸಿಲ್ ಹಿಡಿದುಕೊಳ್ಳಿ. ಹೊಸಬರು ಇಂಚು, ಪೌಂಡ್ ಎರಡೂ ಬರೀ ಅಳತೆಗಳು, ಯಾವುದಾದರೇನು ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಎಂದುಕೊಂಡಿದ್ದೆ.

ಇಬ್ಬರು ಸ್ಪರ್ಧಿಗಳು, ತಲಾ ಐದು ಮೀನು. ಮೊದಲನೆಯವರ ಐದೂ 15 ಇಂಚಿನವು: ಒಟ್ಟು 75. ಎರಡನೆಯವರದು ಒಂದು 22 ಇಂಚಿನ ದೈತ್ಯ, ನಾಲ್ಕು 13 ಇಂಚಿನವು: ಒಟ್ಟು 74. ಉದ್ದದ ಲೆಕ್ಕದಲ್ಲಿ ಮೊದಲನೆಯವರು ಗೆದ್ದರು.

ಈಗ ಇದೇ ಮೀನುಗಳನ್ನು ತೂಗೋಣ. ಮೀನು ಉದ್ದವಾಗುತ್ತಾ ಅಗಲವೂ ದಪ್ಪವೂ ಆಗುವುದರಿಂದ ತೂಕ ಸುಮಾರಾಗಿ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. 15ರ ಘನ 3375, ಐದಕ್ಕೆ 16,875. 22ರ ಘನ 10,648. 13ರ ಘನ 2197, ನಾಲ್ಕಕ್ಕೆ 8788. ಎರಡೂ ಸೇರಿ 19,436. ತಕ್ಕಡಿಯಲ್ಲಿ ಎರಡನೆಯವರು ಗೆದ್ದರು, ಅದೂ ಕೂದಲೆಳೆಯ ಅಂತರದಲ್ಲಲ್ಲ. ಮೀನು ಬದಲಾಗಿಲ್ಲ, ಕೆರೆ ಬದಲಾಗಿಲ್ಲ. ಗೆದ್ದವರು ಮಾತ್ರ ಬದಲಾದರು.

ಹಾಗಾದರೆ ಯಾವುದು ನ್ಯಾಯ? ಎರಡೂ ನ್ಯಾಯವೇ, ಆದರೆ ಬೇರೆ ಬೇರೆ ಕೌಶಲಕ್ಕೆ. 22 ಇಂಚಿನ ಒಂದು ಮೀನು ತೂಕದಲ್ಲಿ 15 ಇಂಚಿನ ಮೂರಕ್ಕೆ ಸಮ, ಉದ್ದದಲ್ಲಿ ಒಂದೂವರೆಗೂ ಸಮವಿಲ್ಲ. ತೂಕದ ನಿಯಮ ಇಡೀ ದಿನ ಒಂದು ದೊಡ್ಡ ಮೀನಿಗಾಗಿ ಹೊಂಚು ಹಾಕುವವರಿಗೆ ಒಲಿಯುತ್ತದೆ. ಉದ್ದದ ನಿಯಮ ಬೆಳಗಿನಿಂದ ಒಂದೇ ಸಮನೆ ನಡುಗಾತ್ರದ ಮೀನು ಹಿಡಿಯುವವರ ಕೈ ಹಿಡಿಯುತ್ತದೆ. ಸಂಘಟಕರು ಇದನ್ನು ಮೀನು ಕಾಣುವ ಮೊದಲೇ ತೀರ್ಮಾನಿಸಿ, ಬರೆದು, ಎಲ್ಲರಿಗೂ ಕೊಟ್ಟಿರಬೇಕು.

ನನ್ನ ಒಲವು ಉದ್ದದ ಕಡೆಗೆ. ಕಾರಣ ತತ್ತ್ವವಲ್ಲ, ಅನುಕೂಲ. ಅಲುಗಾಡುವ ಕಯಾಕ್‌ನಲ್ಲಿ ಒದ್ದಾಡುವ ಮೀನನ್ನು ಕೈತಕ್ಕಡಿಗೆ ತೂಗುಹಾಕಿ ನೋಡಿದವರಿಗೆ ಆ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತು. ‘ಉದ್ದ ನೋಡಿ ಕೋಷ್ಟಕದಿಂದ ತೂಕ ಲೆಕ್ಕ ಹಾಕೋಣ’ ಎನ್ನುವವರೂ ಇದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಮೊಟ್ಟೆ ತುಂಬಿದ ಹೆಣ್ಣಿಗೂ ಮೊಟ್ಟೆ ಇಟ್ಟು ಸೊರಗಿದ ಹೆಣ್ಣಿಗೂ ಕೋಷ್ಟಕ ಒಂದೇ ತೂಕ ಕೊಡುತ್ತದೆ. ಇಲ್ಲದ ನಿಖರತೆಯ ವೇಷ ಅದು. ದೊಡ್ಡ ಮೀನಿನ ಬೇಟೆಗಾರರಿಗೆ ಅತಿ ಉದ್ದದ ಮೀನಿಗೊಂದು ಪ್ರತ್ಯೇಕ ಬಹುಮಾನ ಇಟ್ಟರೆ ಅವರೂ ಸುಮ್ಮನಾಗುತ್ತಾರೆ.

ಉದ್ದ ಎಂದು ತೀರ್ಮಾನಿಸಿದ ಮೇಲೆ ಮೀನಿನ ಸಂಖ್ಯೆಗೆ ಮಿತಿ ಬೇಕೇ ಬೇಕು. 2011ರಲ್ಲಿ ಶುರುವಾದ ಮೇಜರ್ ಲೀಗ್ ಫಿಶಿಂಗ್ ಎಂಬ ಬಾಸ್ ಸ್ಪರ್ಧೆಗಳ ಸಂಸ್ಥೆ ಹಿಡಿದ ಪ್ರತಿ ಮೀನನ್ನೂ ಅಲ್ಲೇ ತೂಗಿ, ಬಿಟ್ಟು, ಎಲ್ಲದಕ್ಕೂ ಅಂಕ ಕೊಡುವ ಆಟವನ್ನು ಜನಪ್ರಿಯಗೊಳಿಸಿತು. ಅಲ್ಲಿ ಅಂಕ ತೂಕದ ಮೇಲಿದೆ, ಪ್ರತಿ ದೋಣಿಯಲ್ಲೂ ಒಬ್ಬ ಅಧಿಕಾರಿ ಇರುತ್ತಾರೆ, ಹಾಗಾಗಿ ನಡೆಯುತ್ತದೆ. ಅದನ್ನು ನೋಡಿ ಉದ್ದದ ಸ್ಪರ್ಧೆಯಲ್ಲೂ ಮಿತಿ ತೆಗೆದರೆ 12 ಇಂಚಿನ ನಲವತ್ತು ಮರಿಗಳು (480) 20 ಇಂಚಿನ ಇಪ್ಪತ್ತು ಮೀನುಗಳನ್ನು (400) ಸೋಲಿಸುತ್ತವೆ. ಐದರ ಮಿತಿ ಇದ್ದರೆ ಆರನೆಯ ಮೀನು ದೊಡ್ಡದಾಗಿದ್ದಾಗ ಮಾತ್ರ ಲೆಕ್ಕಕ್ಕೆ ಬಂದು, ಸಣ್ಣದೊಂದನ್ನು ಹೊರದೂಡುತ್ತದೆ.

ಒಂದು ಫೋಟೋ

ಬೆಳಿಗ್ಗೆ ಆರೂ ನಲವತ್ತರ ಚಿತ್ರ ಎಂದಿಟ್ಟುಕೊಳ್ಳಿ. ಬೆಳಕು ಇನ್ನೂ ಕಂದು. ಹಲಗೆಯ ಮೇಲೆ ನೀರಿನ ಹನಿಗಳು, ಮೀನಿನ ತಲೆ ಎಡಕ್ಕೆ, ಮೂತಿ ಹಲಗೆಯ ತಡೆಗೆ ತಾಗಿದೆ. ಸ್ಪರ್ಧಿಯ ಹೆಬ್ಬೆರಳು ಕಿವಿರಿನ ಮೇಲಿದೆ. ಬಾಲದ ತುದಿ 17.5ರ ಗೆರೆಯನ್ನು ದಾಟಿದೆ, 17.75ನ್ನು ಮುಟ್ಟಿದಂತೆಯೂ ಇದೆ, ಮುಟ್ಟದಂತೆಯೂ ಇದೆ. ಮೂಲೆಯಲ್ಲಿ ಗುರುತುಚೀಟಿ.

ಮೊದಲು ಚೀಟಿ ನೋಡಿ. ಅದರ ಮೇಲಿನ ಸಂಕೇತವನ್ನು ಸಂಘಟಕರು ಸ್ಪರ್ಧೆಯ ಹಿಂದಿನ ರಾತ್ರಿ ಅಥವಾ ಆ ಬೆಳಿಗ್ಗೆ ಕೊಟ್ಟಿರುತ್ತಾರೆ. ಕಳೆದ ತಿಂಗಳ ಮೀನಿನ ಚಿತ್ರವನ್ನು ಇಂದು ಕಳಿಸದಂತೆ ತಡೆಯುವುದು ಅದೇ. ಆಮೇಲೆ ಬಾಯಿ: ಮುಚ್ಚಿರಬೇಕು. ತೆರೆದ ಬಾಯಿ ಮೂತಿಯ ಜಾಗವನ್ನೇ ಬದಲಿಸುತ್ತದೆ. ಆಮೇಲೆ ಬಾಲ. ಕವಲಿನ ಎರಡು ತುದಿಗಳನ್ನು ಹಿಂಡಿ ಒಟ್ಟಿಗೆ ತಂದರೆ ಮೀನು ಸ್ವಲ್ಪ ಉದ್ದವಾಗುತ್ತದೆ. ಹಿಂಡಬಹುದು ಅಥವಾ ಹಿಂಡಬಾರದು, ಎರಡರಲ್ಲೊಂದನ್ನು ನಿಯಮ ಹೇಳಬೇಕು; ಬರೆಯದೆ ಬಿಟ್ಟರೆ ತಿಳಿದವರು ಹಿಂಡುತ್ತಾರೆ, ತಿಳಿಯದವರು ಸೋಲುತ್ತಾರೆ.

ಗೆರೆಯ ಮಾತಿಗೆ ಬರೋಣ. ಸಾಮಾನ್ಯ ಪದ್ಧತಿ ಕಾಲು ಇಂಚಿಗೆ ಇಳಿಸಿ ಬರೆಯುವುದು. ಮುಟ್ಟಿದ್ದು ಸ್ಪಷ್ಟವಿಲ್ಲದಿದ್ದರೆ 17.5. ಸ್ಪರ್ಧಿ ಬೇಸರಪಡುತ್ತಾರೆ ನಿಜ. ಆದರೆ ಹೀಗೆ ಇಳಿಸುವುದರಿಂದ ಪ್ರತಿ ಮೀನಿಗೂ ಸರಾಸರಿ ಅರೆಕಾಲು ಇಂಚು ಹೋಗುತ್ತದೆ, ಎಲ್ಲರಿಗೂ ಹೋಗುತ್ತದೆ. ಫೋಟೋದಲ್ಲಿ ಕಾಣದ್ದನ್ನು ಅಳೆಯುವ ಬದಲು ಕಾಣುವಷ್ಟನ್ನೇ ಅಳೆಯುವುದು ಲೇಸು. ಕ್ಯಾಮೆರಾ ಓರೆಯಾಗಿದ್ದರೆ ಗೆರೆ ಜರುಗಿದಂತೆ ಕಾಣುತ್ತದೆ. ಆದ್ದರಿಂದಲೇ ನೇರ ಮೇಲಿನಿಂದ ತೆಗೆಯಬೇಕೆಂಬ ನಿಯಮ.

ಇನ್ನು ಹೆಬ್ಬೆರಳು. ಕೈ ಎಲ್ಲಿರಬಹುದು, ಎಲ್ಲಿರಬಾರದು ಎಂಬುದನ್ನು ಎಷ್ಟು ಬರೆದರೂ ಸಾಲದು. ಮೈಮೇಲಿನ ಚುಕ್ಕೆ ಪಟ್ಟೆಗಳು ಮುಚ್ಚಿಹೋದರೆ ಒಂದೇ ಮೀನನ್ನು ಎರಡು ಸಲ ಕಳಿಸಿದರೂ ಗೊತ್ತಾಗುವುದಿಲ್ಲ. ಬಾಸ್ ಮೀನಿನ ಪಕ್ಕದ ಕಪ್ಪು ಗುರುತುಗಳ ವಿನ್ಯಾಸ ಒಂದರಂತೆ ಇನ್ನೊಂದಿರುವುದಿಲ್ಲ. ಅನುಮಾನ ಬಂದಾಗ ನಾವು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಚುಕ್ಕೆ ಎಣಿಸುತ್ತೇವೆ.

ಮೋಸ ಮತ್ತು ದಂಡ

2022ರ ಸೆಪ್ಟೆಂಬರ್ ಕೊನೆಯಲ್ಲಿ ಓಹಿಯೋದ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಲೇಕ್ ಈರಿಯ ವಾಲೈ ಎಂಬ ಮೀನಿನ ಸ್ಪರ್ಧೆಯ ಸುದ್ದಿ ನೀವೂ ಕೇಳಿರಬಹುದು. ಅದು ಕಯಾಕ್ ಸ್ಪರ್ಧೆಯಲ್ಲ, ತಕ್ಕಡಿಯ ಸ್ಪರ್ಧೆ. ಮೀನಿನ ಗಾತ್ರ ನೋಡಿದರೆ ಇಷ್ಟು ತೂಗಲಾರದು ಎಂದು ಅನುಮಾನಗೊಂಡ ನಿರ್ದೇಶಕರು ಎಲ್ಲರೆದುರೇ ಹೊಟ್ಟೆ ಸೀಳಿದರು. ಒಳಗೆ ಸೀಸದ ಗುಂಡುಗಳು, ಬೇರೆ ಮೀನಿನ ಮಾಂಸದ ತುಂಡುಗಳು. ಬಹುಮಾನ 28 ಸಾವಿರ ಡಾಲರಿಗೂ ಮೇಲಿತ್ತು. ಇಬ್ಬರು ಸ್ಪರ್ಧಿಗಳು 2023ರಲ್ಲಿ ತಪ್ಪೊಪ್ಪಿಕೊಂಡರು, ಹತ್ತು ದಿನಗಳ ಜೈಲು ಶಿಕ್ಷೆಯಾಯಿತು, ದೋಣಿಯೂ ಕೈಬಿಟ್ಟಿತು.

ಸೀಸ ನುಂಗಿಸಿದರೆ ಮೀನು ಉದ್ದವಾಗುವುದಿಲ್ಲ. ಅಷ್ಟರಮಟ್ಟಿಗೆ ಹಲಗೆ ವಾಸಿ. ಆದರೆ ಹಲಗೆಯನ್ನೇ ಕತ್ತರಿಸಿ ಅರ್ಧ ಇಂಚು ತೆಗೆದು ಅಂಟಿಸಬಹುದಲ್ಲ? ಆದ್ದರಿಂದ ಇಂಥದೇ ತಯಾರಿಕೆಯ ಹಲಗೆ ಎಂದು ನಿಯಮ ಹೆಸರಿಸುತ್ತದೆ. ಬೆಳಿಗ್ಗೆ ನಾವು ಅದನ್ನು ಕೈಯಲ್ಲಿ ಹಿಡಿದು ನೋಡುತ್ತೇವೆ, ಸಂಜೆ ಗೆದ್ದವರದನ್ನು ಮತ್ತೊಮ್ಮೆ ನೋಡುತ್ತೇವೆ. ಗೇಣು ಯಾರದು ಎಂಬ ಪ್ರಶ್ನೆ ಸಂಜೆಗೂ ಮುಗಿದಿರುವುದಿಲ್ಲ.

ದಂಡ ಗೊತ್ತುಪಡಿಸುವಾಗ ಎರಡು ಸಂಗತಿ ತೂಗಬೇಕು: ತಪ್ಪಿನಿಂದ ಎಷ್ಟು ಲಾಭ, ಸಿಕ್ಕಿಬೀಳುವ ಸಂಭವ ಎಷ್ಟು. ತೆರೆದ ಬಾಯಿಯಿಂದ ಸಿಗುವುದು ಹೆಚ್ಚೆಂದರೆ ಕಾಲು ಇಂಚು, ಮತ್ತು ಅದು ಫೋಟೋದಲ್ಲಿ ಖಂಡಿತ ಕಾಣುತ್ತದೆ. ಒಂದು ಇಂಚು ಕಳೆದರೆ ಸಾಕು. ಇಡೀ ಮೀನನ್ನು ರದ್ದುಮಾಡುವುದು ನೊಣ ಹೊಡೆಯಲು ಒನಕೆ ಎತ್ತಿದಂತೆ. ಸಮಯಕ್ಕೆ ಮುನ್ನ ಕತ್ತಲಲ್ಲಿ ಗಾಳ ಎಸೆಯುವುದು ಹಾಗಲ್ಲ. ನೋಡುವವರಿಲ್ಲ, ಹತ್ತರಲ್ಲಿ ಒಂದು ಸಲ ಸಿಕ್ಕಿಬಿದ್ದರೆ ಹೆಚ್ಚು, ಸಿಗುವುದು ಒಂದು ಇಡೀ ಮೀನು. ಅಲ್ಲಿ ಇಂಚು ಕಳೆದು ಪ್ರಯೋಜನವಿಲ್ಲ, ಆ ದಿನದ ಅಂಕವೆಲ್ಲ ಹೋಗಬೇಕು. ಲೈಫ್ ಜಾಕೆಟ್ ಧರಿಸದವರಿಗೂ ನಮ್ಮಲ್ಲಿ ಅದೇ ಗತಿ, ಆದರೆ ಅದಕ್ಕೆ ಲೆಕ್ಕಾಚಾರ ಬೇಕಿಲ್ಲ.

ಉಳಿದ ಚೂರುಪಾರು

ಮೋಟಾರ್: ಕೆಲವು ಸರಣಿಗಳು ಹುಟ್ಟು, ಪೆಡಲ್ ಎರಡನ್ನೇ ಒಪ್ಪುತ್ತವೆ, ಕೆಲವು ಬ್ಯಾಟರಿ ಮೋಟಾರಿಗೂ ಅನುಮತಿ ಕೊಡುತ್ತವೆ. ಅನುಮತಿ ಕೊಟ್ಟರೆ ದೂರದ ನೀರು ಹಣವಿದ್ದವರದಾಗುತ್ತದೆ, ಕೊಡದಿದ್ದರೆ ಮೊಣಕಾಲು ನೋಯುವವರು ಮನೆಯಲ್ಲೇ ಉಳಿಯುತ್ತಾರೆ. ನಮ್ಮ ಕ್ಲಬ್ಬು ಎರಡು ವಿಭಾಗ ಮಾಡಿ ಕೈತೊಳೆದುಕೊಂಡಿತು.

ಹಲವು ಕೆರೆಗಳ ಋತು: ಒಂದು ಕೆರೆಯಲ್ಲಿ 90 ಇಂಚು ಗೆಲುವಲ್ಲ, ಇನ್ನೊಂದರಲ್ಲಿ 70 ಇಂಚಿಗೇ ಹಬ್ಬ. ಇಂಚುಗಳನ್ನೇ ಕೂಡಿಸಿದರೆ ಒಳ್ಳೆಯ ಕೆರೆಯ ಒಂದು ದಿನ ಇಡೀ ವರ್ಷವನ್ನು ನುಂಗುತ್ತದೆ. ಪ್ರತಿ ಸ್ಪರ್ಧೆಯ ಸ್ಥಾನಕ್ಕೆ ಅಂಕ ಕೊಟ್ಟು (ಮೊದಲಿಗೆ 100, ಎರಡನೆಯದಕ್ಕೆ 99, ಹೀಗೆ) ಕೂಡಿಸುವುದು ಇದಕ್ಕಾಗಿ.

ಇದನ್ನೆಲ್ಲ ಕಾವೇರಿಗೆ ತಂದರೆ ಹೇಗೆ ಎಂದು ಊರಿನಿಂದ ತಮ್ಮ ಕೇಳಿದ. ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನನ್ನು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2018ರಲ್ಲಿ ತೀವ್ರ ಅಪಾಯದ ಪಟ್ಟಿಗೆ ಸೇರಿಸಿದೆ. ಅಂಥ ಮೀನಿನ ಮೇಲೆ ಬಹುಮಾನ ಇಡುವ ಮಾತೇ ಬೇಡ, ಹಲಗೆ ಎಷ್ಟೇ ನೇರವಾಗಿರಲಿ ಎಂದೆ.

ಅಭ್ಯಾಸಕ್ಕೊಂದು ಲೆಕ್ಕ

‘ಅ’ ಎಂಬವರ ಮೀನುಗಳು: 20, 18.25, 17, 16.5, 15.75. ‘ಆ’ ಎಂಬವರವು: 20, 19, 17, 16.25, 15.25. ಇಬ್ಬರದೂ 87.5. ನಿಯಮದಂತೆ ಅತಿ ಉದ್ದದ ಮೀನು ನೋಡಬೇಕು, ಅದೂ ಸಮ. ಎರಡನೆಯದಕ್ಕೆ ಹೋದರೆ 19 ದೊಡ್ಡದು, ‘ಆ’ ಗೆದ್ದರು. ಆದರೆ ಆ 19 ಇಂಚಿನ ಚಿತ್ರ ತೆಗೆದದ್ದು ಮಧ್ಯಾಹ್ನ 1.10ಕ್ಕೆ, ನಮಗೆ ತಲುಪಿದ್ದು ಗಡುವಿನ ನಾಲ್ಕು ನಿಮಿಷಗಳ ನಂತರ. ಕೆರೆಯ ಆ ಮೂಲೆಯಲ್ಲಿ ಸಿಗ್ನಲ್ ಇರಲಿಲ್ಲ. ನಿಯಮದಲ್ಲಿದ್ದದ್ದು ‘3.30ರೊಳಗೆ ಫೋಟೋ ತಲುಪಬೇಕು’ ಎಂದು. ನೀವು ಏನು ಮಾಡುತ್ತೀರಿ?

ಇಂಥದೇ ಒಂದು ಪ್ರಕರಣ ಕಳೆದ ವರ್ಷ ನಮ್ಮ ಮುಂದೆ ಬಂದಾಗ ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಆ ಮೀನನ್ನು ಲೆಕ್ಕದಿಂದ ಕೈಬಿಟ್ಟೆವು, ‘ಅ’ ಗೆದ್ದರು. ಮುಂದಿನ ಸ್ಪರ್ಧೆಯ ನಿಯಮದಲ್ಲಿ ‘ತಲುಪಬೇಕು’ ಎಂಬುದನ್ನು ‘ತೆಗೆದಿರಬೇಕು, ದಡಕ್ಕೆ ಬಂದ ಹದಿನೈದು ನಿಮಿಷಗಳಲ್ಲಿ ಕಳಿಸಬೇಕು’ ಎಂದು ತಿದ್ದಿದೆವು. ತಿದ್ದಿದ ಸಾಲನ್ನು ಬರೆದುಕೊಟ್ಟವರು ‘ಆ’.