ಬೇವಿನೆಣ್ಣೆನ ಸಿಗಡಿ ಹೊಂಡಕ್ಕೆ ಸುರಿಯೋ ಮುಂಚೆ

"ಗಿಡಮೂಲಿಕೆ ತಾನೆ, ಹಾಕಿ, ಏನೂ ಆಗಲ್ಲ" ಅಂತ ಯಾರಾದ್ರೂ ಅಂದ್ರೆ ನಂಗೆ ನಿಜವಾಗ್ಲೂ ಭಯ ಆಗುತ್ತೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಥರದ ಆಂಟಿಬಯಾಟಿಕ್‌ಗಳು ಮೀನು-ಸಿಗಡಿ ಸಾಕಣೆಲಿ ನಿಷೇಧ, ಅದು ಸರಿಯಾಗೇ ಇದೆ. ಆದ್ರೆ ಅದರ ಜಾಗಕ್ಕೆ ಕೈಗೆ ಸಿಕ್ಕ ಸೊಪ್ಪು ಹಾಕೋಕೆ ಬರಲ್ಲ.

ಬೇವನ್ನೇ ತಗೊಳ್ಳಿ. ಗದ್ದೇಲಿ ಬೇವಿನೆಣ್ಣೆ ಹೊಡೆದ್ರೆ ಹುಳ ಯಾಕೆ ಸಾಯುತ್ತೆ? ಅದರಲ್ಲಿರೋ ಅಜಾಡಿರಾಕ್ಟಿನ್, ಹುಳ ಪೊರೆ ಬಿಡೋಕೆ ಬೇಕಾದ ಎಕ್ಡೈಸೋನ್ ಹಾರ್ಮೋನಿನ ಲೆಕ್ಕಾಚಾರ ಕೆಡಿಸುತ್ತೆ, ಹಳೇ ಅಂಗಿ ಬಿಗಿಯಾಗಿದೆ ಆದ್ರೆ ಬಿಚ್ಚೋಕೆ ಆಗ್ತಿಲ್ಲ ಅನ್ನೋ ಸ್ಥಿತಿ, ಅಥವಾ ಅರ್ಧ ಬಿಚ್ಚಿ ಕುತ್ತಿಗೇಲೇ ಸಿಕ್ಕಾಕ್ಕೊಂಡಂಗೆ. ಈಗ ಸಿಗಡಿ ನೋಡಿ, ಅದೂ ಹುಳದ ದೂರದ ನೆಂಟನೇ, ಅದೂ ಚಿಪ್ಪು ಬಿಟ್ಟೇ ಬೆಳೀಬೇಕು, ಅದಕ್ಕೂ ಅದೇ ಹಾರ್ಮೋನ್!

ಇನ್ನೊಂದು ಕಡೆ ಇಪ್ಪೆ ಹಿಂಡಿ. ಮರಿ ಬಿಡೋ ಮುಂಚೆ ಕೆರೇಲಿರೋ ಕಾಟದ ಮೀನು ತೆಗೆಯೋಕೆ ಮೀಟರ್ ಆಳದ ನೀರಿಗೆ ಹೆಕ್ಟೇರಿಗೆ 2000–2500 ಕೆಜಿ ಹಾಕ್ತಾರೆ. ನಮ್ಮ ಮಲೆನಾಡಲ್ಲಿ ಹಿಂದೆ ಮಗ್ಗಾರೆ ಕಾಯಿ ಜಜ್ಜಿ ಹೊಳೆ ಮಡುವಿಗೆ ಹಾಕಿ ಮೀನು ಹಿಡೀತಿದ್ದಿದ್ದೂ ಇದೇ ವಿದ್ಯೆ. ಕೆಲಸ ಮಾಡೋದು ಸಪೋನಿನ್, ನೊರೆ ಬರಿಸೋ ವಸ್ತು. ಅದು ಕಿವಿರಿನ ತೆಳು ಚರ್ಮ ಹಾಳು ಮಾಡಿ, ರಕ್ತಕ್ಕೆ ಸೇರಿದ್ರೆ ಕೆಂಪು ಕಣಗಳನ್ನ ಒಡೆಯುತ್ತೆ, ಸೋಪಿನ ನೀರಿಗೆ ಎಣ್ಣೆ ಜಿಡ್ಡು ಬಿಟ್ಟಂಗೆ ಕಣದ ಹೊರಪೊರೆ ಸಡಿಲ ಆಗಿಬಿಡುತ್ತೆ. ಸಿಗಡಿಗೆ ಕೆಂಪು ರಕ್ತಕಣವೇ ಇಲ್ಲ, ಅದರ ರಕ್ತದಲ್ಲಿ ಆಮ್ಲಜನಕ ಹೊರೋದು ತಾಮ್ರ ಇರೋ ಹೀಮೋಸಯನಿನ್, ದ್ರವದಲ್ಲೇ ಕರಗಿರುತ್ತೆ. ಅದಕ್ಕೇ ಸಿಗಡಿ ಇರೋ ಹೊಂಡದಲ್ಲೇ ಟೀ ಸೀಡ್ ಕೇಕ್ (ಟೀ ಜಾತಿ ಗಿಡದ ಬೀಜದ ಹಿಂಡಿ, ಅದರಲ್ಲೂ ಸಪೋನಿನ್ನೇ) ಹಾಕಿ ಮೀನನ್ನಷ್ಟೇ ಕೊಲ್ಲಬಹುದು, ಸಿಗಡಿ ಆರಾಮಾಗಿ ಓಡಾಡ್ಕೊಂಡಿರುತ್ತೆ. ನಂಗೆ ಇದನ್ನ ಎಷ್ಟು ಸಲ ಹೇಳಿದ್ರೂ ಖುಷಿ.

ಹಂಗಂತ ಮೂಲಿಕೆ ಬೇಡ ಅಂತಲ್ಲ. ಸಿಗಡಿಗೆ ನಮ್ಮ ಥರ ಆಂಟಿಬಾಡಿ ಇಲ್ಲ, ನಮ್ಮ ಲಸಿಕೆ ಲೆಕ್ಕ ಅದಕ್ಕೆ ಒಪ್ಪಲ್ಲ, ಹಂಗಾಗಿ ಮೇವಲ್ಲೇ ಬಲ ತುಂಬೋ ದಾರಿ ಹುಡುಕೋದು ನ್ಯಾಯವಾಗೇ ಇದೆ. ತೊಂಬತ್ತರ ದಶಕದಲ್ಲಿ ನಮ್ಮ ಕರಾವಳಿಗೂ ಬಂದ ಬಿಳಿಚುಕ್ಕೆ ವೈರಸ್ಸನ್ನ ಕಷಾಯ ವಾಸಿ ಮಾಡುತ್ತೆ ಅಂತ ಮಾರೋರನ್ನ ಮಾತ್ರ ನಂಬಬೇಡಿ.

ಬೆಳ್ಳುಳ್ಳಿ ಕೊಡ್ತೀನಿ ಅಂದ್ರೆ ಇಡೀ ಎಸಳು ಕುದಿಸಬೇಡಿ. ರೋಗಾಣು ತಡೆಯೋ ಘಾಟು ವಸ್ತು ಆಲಿಸಿನ್, ಅದು ಎಸಳಲ್ಲಿ ರೆಡಿ ಇರಲ್ಲ, ಜಜ್ಜಿದಾಗ ಎಸಳಲ್ಲಿರೋ ಆಲಿನ್ ಅನ್ನೋ ವಸ್ತು ಮತ್ತು ಒಂದು ಕಿಣ್ವ ಸೇರಿ ಹುಟ್ಟೋದು, ಬಿಸಿ ಮೊದಲೇ ತಗುಲಿದ್ರೆ ಆ ಕಿಣ್ವ ಸತ್ತೇ ಹೋಗುತ್ತೆ. ಹಸಿದನ್ನೇ ಜಜ್ಜಿ, ಹತ್ತು ನಿಮಿಷ ಬಿಟ್ಟು, ಆಮೇಲೆ ಮೇವಿಗೆ ಸವರಿ.