ಗೋಡೆ ಎದ್ದ ಮೇಲೆ ಸದ್ದು ಎಷ್ಟು ಇಳಿಯಿತು?

ಹಾಸನದಿಂದ ಸಕಲೇಶಪುರದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 75ರ ಪಕ್ಕದಲ್ಲಿ ಮನೆ ಮಾಡಿಕೊಂಡವರು ಲಾರಿಗಳ ಸದ್ದಿಗೆ ಸಾಮಾನ್ಯವಾಗಿ ಎರಡು ಪರಿಹಾರಗಳನ್ನು ಯೋಚಿಸುತ್ತಾರೆ: ಕಾಂಪೌಂಡ್ ಗೋಡೆಯನ್ನು ಎತ್ತರಿಸುವುದು, ಇಲ್ಲವೇ ಬೇಲಿಯುದ್ದಕ್ಕೂ ಸಿಲ್ವರ್ ಓಕ್ ಸಾಲು ನೆಡುವುದು. ಯಾವುದರಿಂದ ಎಷ್ಟು ಪ್ರಯೋಜನವಾಯಿತು ಎಂದು ವಿಚಾರಿಸಿದರೆ ‘ಸ್ವಲ್ಪ ಕಡಿಮೆಯಾಗಿದೆ’ ಎಂಬುದಕ್ಕಿಂತ ಖಚಿತವಾದ ಉತ್ತರ ಸಿಗುವುದು ಅಪರೂಪ. ಆ ‘ಸ್ವಲ್ಪ’ವನ್ನು ನಂಬಬಹುದಾದ ಅಂಕಿಯಾಗಿ ಹೇಳುವ ವಿಧಾನ ರೂಪುಗೊಳ್ಳಲು ವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ಬಹಳ ಕಾಲ ಹಿಡಿಯಿತು.

ಗೋಡೆಯ ಹಿಂದೆ ನಿಂತವರಿಗೂ ಸದ್ದು ಕೇಳಿಸುವುದು ಶಬ್ದದ ಅಲೆಗಳು ಗೋಡೆಯ ತಲೆಯನ್ನು ಬಳಸಿಕೊಂಡು ಕೆಳಕ್ಕೆ ಬಾಗುವುದರಿಂದ. ವಿವರ್ತನೆ ಎಂಬ ಈ ಗುಣಕ್ಕೆ ಜರ್ಮನಿಯ ಭೌತವಿಜ್ಞಾನಿ ಸೋಮರ್‌ಫೆಲ್ಡ್ 1896ರಲ್ಲಿಯೇ ಕರಾರುವಾಕ್ಕಾದ ಗಣಿತವನ್ನು ಕೊಟ್ಟಿದ್ದರೂ, ರಸ್ತೆ ಬದಿಯ ಎಂಜಿನಿಯರಿಗೆ ಅದು ಕೈಗೆಟುಕುವಂಥದ್ದಾಗಿರಲಿಲ್ಲ. ಜಪಾನಿನ ಕೋಬೆ ವಿಶ್ವವಿದ್ಯಾಲಯದ ಮಾಯೆಕಾವಾ 1968ರಲ್ಲಿ ಪ್ರಕಟಿಸಿದ ನಕ್ಷೆ ಆ ಕೊರತೆಯನ್ನು ನೀಗಿತು. ನೇರವಾಗಿ ಬರಬೇಕಿದ್ದ ಸದ್ದು ಗೋಡೆಯ ತುದಿಯನ್ನು ಹಾದು ಬರುವುದಕ್ಕೆ ಎಷ್ಟು ಹೆಚ್ಚು ದೂರ ಕ್ರಮಿಸುತ್ತದೆ, ಆ ಹೆಚ್ಚುವರಿ ದೂರ ಅಲೆಯ ಉದ್ದದ ಎಷ್ಟು ಪಾಲು ಎಂಬುದಷ್ಟು ಗೊತ್ತಿದ್ದರೆ ಇಳಿಕೆಯನ್ನು ಅಂದಾಜು ಮಾಡಬಹುದು. ದಾರಿ ಅರ್ಧ ಮೀಟರ್ ಹೆಚ್ಚಾದರೆ 1000 ಹರ್ಟ್ಸ್‌ನ, ಎಂದರೆ ಸೆಕೆಂಡಿಗೆ 1000 ಕಂಪನಗಳ ತೀಕ್ಷ್ಣ ಸದ್ದು ಸುಮಾರು 18 ಡೆಸಿಬಲ್ ಇಳಿಯುತ್ತದೆ. ಅಲೆಯ ಉದ್ದ ಹೆಚ್ಚಿರುವ 100 ಹರ್ಟ್ಸ್‌ನ ತಗ್ಗು ಸದ್ದು ಅದರ ಅರ್ಧದಷ್ಟು ಮಾತ್ರ. ಬಸ್ಸಿನ ಹಾರ್ನ್ ಗೋಡೆಯ ಆಚೆಯೇ ಬಹುಮಟ್ಟಿಗೆ ನಿಂತು, ಘಾಟಿಯ ಏರಿನಲ್ಲಿ ಕೆಳ ಗೇರಿನಲ್ಲಿ ಏದುಸಿರು ಬಿಡುವ ಲಾರಿಯ ಗುಡುಗು ಮಾತ್ರ ಒಳಕ್ಕೆ ಬರುವುದು ಈ ಕಾರಣದಿಂದಲೇ.

ಆದರೆ ಮಾಯೆಕಾವಾ ನಕ್ಷೆಗೆ ಆಧಾರವಾದದ್ದು ಪ್ರಯೋಗಾಲಯದ ತೆಳುವಾದ ತಡೆ. ಹೊರಗಿನ ಬಯಲಿನಲ್ಲಿ ನೆಲವೂ ಒಂದು ಪಾತ್ರ ವಹಿಸುತ್ತದೆ. ಗದ್ದೆ, ಹುಲ್ಲುಗಾವಲು, ತರಗೆಲೆ ಮುಚ್ಚಿದ ತೋಟದಂಥ ಮೃದು ನೆಲವು ಅದರ ಮೇಲೆ ತಗ್ಗಿನಲ್ಲಿ ಸಾಗುವ ಸದ್ದನ್ನು ತಾನೇ ಒಂದಿಷ್ಟು ತಗ್ಗಿಸುತ್ತಿರುತ್ತದೆ. ಗೋಡೆ ಎದ್ದಾಗ ಸದ್ದು ಮೇಲಿನಿಂದ ಬರತೊಡಗುವುದರಿಂದ ಆ ಲಾಭ ಕೈತಪ್ಪುತ್ತದೆ. ಹಾಗಾಗಿ ಲೆಕ್ಕ ಹೇಳಿದ ಇಳಿಕೆ ಅಂಗಳದಲ್ಲಿ ಪೂರ್ತಿಯಾಗಿ ಕಾಣಿಸದೇ ಹೋಗಬಹುದು, ಅಲ್ಲಿಗೇ ಹೋಗಿ ಅಳೆಯದೆ ಬೇರೆ ದಾರಿ ಇರುವುದಿಲ್ಲ.

ಅಮೆರಿಕದಲ್ಲಿ 1970ರ ಹೆದ್ದಾರಿ ಕಾಯ್ದೆ ಶಬ್ದದ ಮಾನದಂಡಗಳನ್ನು ಕಡ್ಡಾಯಗೊಳಿಸಿದ ಬಳಿಕ ತಡೆಗೋಡೆಗಳು ಸಾಲುಸಾಲಾಗಿ ಎದ್ದವು. ಅವುಗಳನ್ನು ಅಳೆಯುವ ಕ್ರಮಕ್ಕೆ 1997ರಲ್ಲಿ ಐಎಸ್‌ಒ 10847 ಎಂಬ ಅಂತರರಾಷ್ಟ್ರೀಯ ಮಾನಕ ಬಂತು. ಗೋಡೆಗೆ ಮುಂಚೆ ಒಂದು ಅಳತೆ, ಗೋಡೆಯ ನಂತರ ಅದೇ ಜಾಗದಲ್ಲಿ ಇನ್ನೊಂದು. ಎರಡರ ವ್ಯತ್ಯಾಸವನ್ನು ‘ಇನ್‌ಸರ್ಷನ್ ಲಾಸ್’ ಎನ್ನುತ್ತಾರೆ. ಕೇಳಲು ಸರಳವಾದ ಈ ಕ್ರಮದಲ್ಲಿ ಒಂದು ದೊಡ್ಡ ತೊಡಕಿದೆ. ಎರಡು ದಿನಗಳ ವಾಹನ ಸಂಚಾರ ಎಂದೂ ಒಂದೇ ಆಗಿರುವುದಿಲ್ಲ. ಅದಕ್ಕೆಂದೇ ಅಂಗಳದ ಮೈಕ್ರೊಫೋನಿನ ಜೊತೆಗೆ ಗೋಡೆಯ ತಲೆಗಿಂತ ಸುಮಾರು ಒಂದೂವರೆ ಮೀಟರ್ ಮೇಲೆ ಮತ್ತೊಂದನ್ನು ಇಡುವ ರೂಢಿ ಬಂತು. ಗೋಡೆ ಇನ್ನೂ ಕಟ್ಟಿರದಿದ್ದಾಗಲೂ ಅದು ಬರಲಿರುವ ಎತ್ತರವನ್ನು ಲೆಕ್ಕ ಹಾಕಿ ಅದೇ ಜಾಗದಲ್ಲಿ ಇಡಬೇಕು. ಉದಾಹರಣೆಗೆ, ಮೊದಲ ದಿನ ಮೇಲೆ 75, ಅಂಗಳದಲ್ಲಿ 65 ಡೆಸಿಬಲ್; ಗೋಡೆಯ ನಂತರ ಮೇಲೆ 78, ಅಂಗಳದಲ್ಲಿ 60 ಎಂದಿಟ್ಟುಕೊಳ್ಳೋಣ. ಅಂಗಳವನ್ನಷ್ಟೇ ನೋಡಿದವರು 5 ಡೆಸಿಬಲ್ ಇಳಿಯಿತು ಎನ್ನುತ್ತಾರೆ. ಆದರೆ ರಸ್ತೆಯ ಸದ್ದೇ 3 ಡೆಸಿಬಲ್ ಏರಿದ್ದರಿಂದ ಗೋಡೆ ನಿಜವಾಗಿ ಮಾಡಿದ ಕೆಲಸ 8 ಡೆಸಿಬಲ್. ಸಂಚಾರ ಇಳಿದ ದಿನ ಅಳೆದಿದ್ದರೆ ತಪ್ಪು ಇದಕ್ಕೆ ತಿರುಗುಮುರುಗಾಗಿ, ಗೋಡೆಗೆ ಸಲ್ಲದ ಹೆಸರು ಸಲ್ಲುತ್ತಿತ್ತು.

ಹವೆಯ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು. ಗಾಳಿ ಸೆಕೆಂಡಿಗೆ 5 ಮೀಟರ್ ಮೀರಬಾರದು, ಎರಡೂ ದಿನ ಒಂದೇ ದಿಕ್ಕಿನಿಂದ ಬೀಸುತ್ತಿರಬೇಕು, ರಸ್ತೆ ಒದ್ದೆಯಾಗಿರಬಾರದು. ಮಲೆನಾಡಿನ ಮಳೆಗಾಲ ಅಷ್ಟರಿಂದಲೇ ಲೆಕ್ಕದಾಚೆಗೆ ಉಳಿಯುತ್ತದೆ. ಚಳಿಗಾಲದ ಶುಭ್ರ ರಾತ್ರಿಗಳಲ್ಲಿ ನೆಲದ ಬಳಿಯ ಗಾಳಿ ತಂಪಾಗಿ ಮೇಲಿನದು ಬೆಚ್ಚಗಿದ್ದರೆ ಸದ್ದು ಕೆಳಕ್ಕೆ ಬಾಗಿ ಗೋಡೆಯನ್ನು ದಾಟುತ್ತದೆ. ಸುತ್ತಲಿನ ಸದ್ದು ರಸ್ತೆಯ ಸದ್ದಿಗಿಂತ 10 ಡೆಸಿಬಲ್ ಆದರೂ ಕೆಳಗಿರಬೇಕೆಂಬುದು ಇನ್ನೊಂದು ನಿಯಮ. ಮೂಡಿಗೆರೆ ಕಡೆಯ ತೋಟಗಳಲ್ಲಿ ಜೀರುಂಡೆಗಳು ಕೂಗುವ ಹೊತ್ತಿನಲ್ಲಿ ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ.

ಮರಗಳ ಸಾಲಿನ ಬಗ್ಗೆ ನಮ್ಮ ಕಡೆ ಇರುವ ನಂಬಿಕೆಯನ್ನು ಅಳತೆ ಎತ್ತಿಹಿಡಿಯುವುದಿಲ್ಲ. ಆಚೆ ಏನೂ ಕಾಣದಷ್ಟು ದಟ್ಟವಾದ ಎಲೆಗಳ ಹಸಿರು ಕೂಡ 1000 ಹರ್ಟ್ಸ್‌ನಲ್ಲಿ ಮೀಟರಿಗೆ 0.06 ಡೆಸಿಬಲ್ ಮಾತ್ರ ತಗ್ಗಿಸುತ್ತದೆ ಎಂದು ಹೊರಾಂಗಣದಲ್ಲಿ ಸದ್ದು ಸಾಗುವ ಬಗೆಯ ಮಾನಕವಾದ ಐಎಸ್‌ಒ 9613 ಲೆಕ್ಕ ಹಾಕುತ್ತದೆ. ಎಂದರೆ 100 ಮೀಟರಿಗೆ 6 ಡೆಸಿಬಲ್. ಬುಡ ಬರಿದಾದ ಒಂದು ಸಾಲು ಸಿಲ್ವರ್ ಓಕ್‌ನಿಂದ ಅಳೆಯುವಷ್ಟು ಇಳಿಕೆಯನ್ನು ನಿರೀಕ್ಷಿಸಲಾಗದು. ಲಾರಿ ಕಣ್ಣಿಗೆ ಕಾಣದಂತಾಗುವ ನೆಮ್ಮದಿಯನ್ನು ನಾನು ಕಡೆಗಣಿಸುವುದಿಲ್ಲ, ಆದರೆ ಶಬ್ದಮಾಪಕಕ್ಕೆ ಅದು ಗೊತ್ತಾಗುವುದಿಲ್ಲ.

ಭಾರತದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯನ್ನೂ, ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯಕ್ಕೆ 50 ಮತ್ತು 40ರ ಮಿತಿಯನ್ನೂ ಹೇಳುತ್ತವೆ. ಸದ್ದು ಎಷ್ಟಿರಬೇಕೆಂಬುದನ್ನು ಈ ಮಿತಿಗಳು ತಿಳಿಸುತ್ತವೆಯೇ ಹೊರತು ಗೋಡೆ ಎಷ್ಟು ಇಳಿಸಿತೆಂಬುದನ್ನಲ್ಲ; ಅದಕ್ಕೆ ಗೋಡೆಯ ಮುಂಚಿನ ಅಳತೆಯೇ ಬೇಕು. ಅದು ಇಲ್ಲದಿದ್ದಾಗ ಅಂಥದ್ದೇ ನೆಲ, ಅಂಥದ್ದೇ ಸಂಚಾರವಿರುವ, ಗೋಡೆಯಿಲ್ಲದ ಬೇರೊಂದು ಜಾಗದಲ್ಲಿ ಅಳೆದು ಹೋಲಿಸಲು ಐಎಸ್‌ಒ 10847 ಅವಕಾಶ ಕೊಡುತ್ತದೆ. ಹಾಸನದ ಸುತ್ತಲಿನ ಬಯಲಿನಲ್ಲಿ ಅಂಥ ಜೋಡಿ ಜಾಗ ಸಿಕ್ಕೀತು. ಸಕಲೇಶಪುರ ದಾಟಿದ ಮೇಲೆ ಪ್ರತಿ ತಿರುವಿನಲ್ಲೂ ಇಳಿಜಾರು, ದಿಬ್ಬ, ಗೇರು ಬದಲಾಗುವುದರಿಂದ ಅದು ಸಿಗುವುದು ತೀರಾ ಕಷ್ಟ. ಹಾಗಾಗಿ ಆ ಭಾಗದಲ್ಲಿ ರಸ್ತೆ ಅಗಲೀಕರಣಕ್ಕೆಂದು ಮರಗಳಿಗೆ ನಂಬರು ಬರೆಯುವ ವಾರವೇ ಶಾಲೆಯ ಅಂಗಳದಲ್ಲೂ ತೋಟದ ಕಾರ್ಮಿಕರ ಲೈನ್ ಮನೆಗಳ ಮುಂದೆಯೂ ಶಬ್ದಮಾಪಕವನ್ನು ಒಂದು ಹಗಲು, ಒಂದು ರಾತ್ರಿ ಇಟ್ಟು, ಮೈಕ್ರೊಫೋನಿನ ಎತ್ತರ, ಗಾಳಿಯ ದಿಕ್ಕು, ಹಾದುಹೋದ ಲಾರಿಗಳ ಲೆಕ್ಕವನ್ನು ಬರೆದಿಡಬೇಕು.